ಮೋರಿಯ ಈಚೆ

ನಮ್ಮ ಏಳನೇ ವಾರ್ಡು ಕಚೇರಿಯ ಗುಮಾಸ್ತರಿಗೆ ಲೋಕದಲ್ಲಿ ಇರುವುದು ಎರಡೇ ಭಾಗ: ನಮ್ಮ ವ್ಯಾಪ್ತಿ, ನಮ್ಮದಲ್ಲದ ವ್ಯಾಪ್ತಿ. ಅರ್ಜಿ ತಂದವರ ಮುಖಕ್ಕಿಂತ ಮೊದಲು ಗೋಡೆಯ ನಕ್ಷೆ ನೋಡಿ, "ದೊಡ್ಡ ಮೋರಿಯಿಂದ ಈಚೆ ಆದ್ರೆ ಕೂತ್ಕೊಳ್ಳಿ, ಆಚೆ ಆದ್ರೆ ಎಂಟನೇ ವಾರ್ಡಿಗೆ ಹೋಗಿ" ಎನ್ನುತ್ತಾರೆ. ಸಂಜೆ ನಮ್ಮ ಜಗಲಿಯಲ್ಲಿ ಸೊಳ್ಳೆ ಕಚ್ಚಿದರೂ, "ಇದು ಆಚೆ ವಾರ್ಡಿಂದು ಕಣ್ರೀ, ನಮ್ಮಲ್ಲಿ ಔಷಧಿ ಹೊಡೆಸಿದೀನಿ" ಎಂದು ಕೆರೆದುಕೊಳ್ಳುತ್ತಾರೆ. ಮನೆಯ ನಲ್ಲಿ ಸೋರುತ್ತಿದೆ ಎಂದು ಹೆಂಡತಿ ಹೇಳಿದರೆ, "ಮೀಟರಿಂದ ಆಚೇನೋ, ಈಚೇನೋ?" ಎಂದು ಕೇಳಿ ಬೈಸಿಕೊಳ್ಳುತ್ತಾರೆ. ಒಂದು ದಿನ ಆ ಮೋರಿಯ ಸೇತುವೆಯ ಮೇಲೆ ಯಾರೂ ಗುರುತು ಹಿಡಿಯದ ಅಜ್ಜಿಯೊಬ್ಬರು ತೀರಿಕೊಂಡಿದ್ದರು. ನಿಮ್ಮದು, ನಿಮ್ಮದು ಎಂದು ಎರಡೂ ಕಚೇರಿಯವರು ಮಧ್ಯಾಹ್ನದವರೆಗೆ ವಾದಿಸಿದರು. ಗುಮಾಸ್ತರು ಅಳೆಯುವ ಟೇಪು ಹಿಡಿದೇ ಬಂದರು. ಅಜ್ಜಿಯ ದೇಹ ಮುಕ್ಕಾಲು ಪಾಲು ಆಚೆಗಿತ್ತು. ಅವರು ಒಂದು ಗಳಿಗೆ ನೋಡಿ, ಟೇಪನ್ನು ಬಿಚ್ಚದೆ ಜೇಬಿಗಿಟ್ಟು, "ನಮ್ಮ ವ್ಯಾಪ್ತಿ, ನಿಧಾನವಾಗಿ ಎತ್ತಿ" ಎಂದರು. ಮೊನ್ನೆ ನಮ್ಮತ್ತೆಯ ಮರಣ ಪ್ರಮಾಣಪತ್ರಕ್ಕೆಂದು ಹೋದಾಗ, ಅವರು ತಿರುವುತ್ತಿದ್ದ ನೋಂದಣಿ ಪುಸ್ತಕದಲ್ಲಿ ಆ ಅಜ್ಜಿಯ ಪುಟ ಕಣ್ಣಿಗೆ ಬಿತ್ತು. ಹೆಸರಿನ ಮುಂದೆ 'ತಿಳಿದಿಲ್ಲ' ಎಂದಿತ್ತು. ವಾಸದ ವಿಳಾಸದ ಮುಂದೆ ಇದ್ದದ್ದು ಗುಮಾಸ್ತರ ಸ್ವಂತ ಮನೆಯ ನಂಬರು.