ಬಂದ್ ಆಗಿರದ ನಂಬರ್

ಶ್ರೀಕಂಠ, ನಿನ್ನ ಹಳೆಯ ಫೋನ್ ನಂಬರ್ ಬಂದ್ ಆಗಿರಲಿಲ್ಲ. ಆಯಿತೆಂದು ನಾನು ಸುಳ್ಳು ಹೇಳಿದೆ. ಆ ನಂಬರಿಗೆ ನಿನಗೊಂದು ಕೆಲಸದ ಕರೆ ಬಂದಿತ್ತು. ಅದನ್ನು ನಾನು ಕೇಳಿಸಿಕೊಂಡೆ — ಕೇಳಿಸಿಕೊಂಡು ಅಳಿಸಿಹಾಕಿದೆ. ಏಳೆಂಟು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ನಿನ್ನ ಜೊತೆ ನಗುನಗುತ್ತಾ ಮಾತಾಡಿದ್ದೇನೆ. ಇನ್ನು ನನ್ನಿಂದ ಆಗುವುದಿಲ್ಲ.

ಇಲ್ಲಿನ ಕ್ರಾಸ್‌ರೋಡ್ಸ್ ಕಾಂಪ್ಲೆಕ್ಸಿನಲ್ಲಿ ಅಕ್ಕಪಕ್ಕದ ಅಪಾರ್ಟ್‌ಮೆಂಟುಗಳಲ್ಲಿದ್ದಾಗ, ಎಲ್ಲರ ಹಾಗೆ ನಾವೂ ಸೇರಿಕೊಂಡು ನಾಲ್ಕು ಫೋನಿಗೂ ಒಂದೇ ಬಿಲ್ ಬರುವ ಫ್ಯಾಮಿಲಿ ಪ್ಲಾನ್ ಮಾಡಿಕೊಂಡಿದ್ದೆವಲ್ಲ — ನಾನು, ನನ್ನ ಹೆಂಡತಿ ರೇಖಾ, ನೀನು, ನಿನ್ನ ಸುಮಾ. ಖಾತೆ ನನ್ನ ಹೆಸರಿನಲ್ಲಿ. ಆಗ ಎರಡು ವರ್ಷದ ಕಾಂಟ್ರಾಕ್ಟಿಗೆ ಒಪ್ಪಿದರೆ ದುಬಾರಿ ಫೋನು ಚಿಲ್ಲರೆ ಕಾಸಿಗೆ ಸಿಗುತ್ತಿತ್ತು, ನಡುವೆ ಬಿಟ್ಟರೆ ದಂಡ. ನಾವೆಲ್ಲ ಹಾಗೇ ತೆಗೆದುಕೊಂಡೆವು. ನೀನೊಬ್ಬ ಮಾತ್ರ ಪೂರ್ತಿ ಬೆಲೆ ಕೊಟ್ಟು ತಂದೆ.

"ದುಡ್ಡು ಜಾಸ್ತಿ ಆಗಿದ್ಯೇನೋ ನಿಂಗೆ?" ಅಂದೆ ನಾನು.

"ನಮ್ ವೀಸಾನೇ ಇವತ್ತಿದ್ರೆ ನಾಳೆ ಇಲ್ಲ. ಎರಡು ವರ್ಷಕ್ಕೆ ಯಾಕೋ ಕೈ ಕಟ್ಟಿಸ್ಕೊಳ್ಲಿ?" ಅಂದೆ ನೀನು.

ಪಾಟ್‌ಲಕ್ ಊಟಕ್ಕೆ ಹೋದಲ್ಲೆಲ್ಲ ಆ ಮಾತನ್ನೇ ಅಣಕಿಸಿ ನಿನ್ನನ್ನು ಎಷ್ಟು ಗೋಳು ಹೊಯ್ದುಕೊಂಡೆ! ನೀನೂ ನಗುತ್ತಿದ್ದೆ.

ನೀನು ಬೇಡವೆಂದ ರಿಯಾಯಿತಿ ನಿನ್ನ ನಂಬರಿನ ಮೇಲೆ ಹಾಗೇ ಉಳಿದಿತ್ತು. ಒಂದು ದಿನ ರೇಖಾ ತನ್ನ ಫೋನನ್ನು ಸಿಂಕಿನ ನೀರಿಗೆ ಬೀಳಿಸಿದಳು. ನಮ್ಮಿಬ್ಬರ ರಿಯಾಯಿತಿ ಆಗಲೇ ಮುಗಿದಿತ್ತು. ಖಾತೆ ನನ್ನದಲ್ಲವೇ — ನಿನ್ನ ನಂಬರಿನ ಮೇಲೆ ಎರಡು ವರ್ಷದ ಕಾಂಟ್ರಾಕ್ಟಿಗೆ ಒಪ್ಪಿಗೆ ಕೊಟ್ಟು ಅವಳಿಗೆ ಹೊಸ ಫೋನು ತಂದೆ. ಕೇಳಿದ್ದರೆ "ತಗೊಳೋ, ಅದನ್ನೇನ್ ಕೇಳ್ತೀಯ" ಅನ್ನುತ್ತಿದ್ದೆ ನೀನು. ಅದು ನನಗೆ ಗೊತ್ತಿತ್ತು. ಆದರೆ ಪೆದ್ದ ಎಂದು ಊರ ಮುಂದೆ ಆಡಿಕೊಂಡವನ ಹತ್ತಿರವೇ ಹೋಗಿ ಕೈಯೊಡ್ಡುವುದೆಂದರೆ... ಜಂಭ ಬಿಡಲಿಲ್ಲ.

ಆಮೇಲೆ ನಿನ್ನ ಕಂಪನಿಯವರು ನಿಮ್ಮ ಇಡೀ ತಂಡವನ್ನೇ ಮನೆಗೆ ಕಳಿಸಿದರು. ಎರಡು ತಿಂಗಳಲ್ಲಿ ಬೇರೆ ಕೆಲಸ ಸಿಗದಿದ್ದರೆ ದೇಶ ಬಿಡಬೇಕು. ನಿನಗೆ ನಿನ್ನದಕ್ಕಿಂತ ಮಗ ಅಭಿಯ ಚಿಂತೆ. ನಾಲ್ಕು ತುಂಬಿದರೂ ಮಾತು ಬಾರದ ಮಗು, ಶಾಲೆಯ ಸ್ಪೀಚ್ ಟೀಚರ್ ಹತ್ತಿರ ಆಗಷ್ಟೇ ಒಂದೊಂದು ಪದ ಆಡತೊಡಗಿತ್ತು. ಈಗ ಜಾಗ ಬದಲಿಸಿದರೆ ಬಂದ ಮಾತೂ ನಿಲ್ಲಬಹುದು ಎಂದು ಆಕೆ ಎಚ್ಚರಿಸಿದ್ದರು. ಅದನ್ನು ನೀನೇ ನನಗೆ ಹೇಳಿದ್ದೆ.

ಖರ್ಚು ಇಳಿಸಲು ನಂಬರನ್ನು ಅಗ್ಗದ ಪ್ರೀಪೇಯ್ಡಿಗೆ ಒಯ್ಯುತ್ತೇನೆ, ಅಂಗಡಿಗೆ ಜೊತೆಗೆ ಬಾ ಎಂದು ನೀನು ನನ್ನನ್ನು ಕರೆದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನಗೆ. ಕಾಂಟ್ರಾಕ್ಟು ಇದೆ, ದಂಡ ಕಟ್ಟಬೇಕು ಎಂದು ಅಂಗಡಿಯವರು ನಿನ್ನೆದುರೇ ಹೇಳುತ್ತಾರಲ್ಲ.

"ನಾನೇ ಕಾಲ್ ಮಾಡಿ ಕೇಳ್ದೆ ಗುರು. ನಂಬರ್ ಬಿಟ್ಕೊಡಲ್ವಂತೆ. ಇವತ್ತು ಸಂಜೆ ಲೈನ್ ಬಂದ್ ಮಾಡ್ತಾರಂತೆ."

"ಹೋಗ್ಲಿ ಬಿಡು, ಹೊಸಾದು ತಗೋತೀನಿ" ಎಂದು ಸಿಮ್ ತೆಗೆದು ನನ್ನ ಕೈಗೇ ಕೊಟ್ಟೆ. ಇನ್ನೊಂದು ಪ್ರಶ್ನೆ ಕೇಳಲಿಲ್ಲ.

ಹೇಗೂ ಬಾಡಿಗೆ ಕಟ್ಟುತ್ತಿರುವ ಲೈನು, ವ್ಯರ್ಥವಾಗಬಾರದು ಎಂದು ಕೆಲವು ದಿನಗಳ ಮೇಲೆ ಆ ಸಿಮ್ಮನ್ನು ಒಂದು ಹಳೆಯ ಫೋನಿಗೆ ಹಾಕಿದೆ. ಹಾಕಿದೊಡನೆ ವಾಯ್ಸ್‌ಮೇಲ್ ಬಂದಿರುವ ಗುರುತು. ನಿನ್ನ ಹಳೆಯ ಮ್ಯಾನೇಜರ್ ಬಿಟ್ಟ ದನಿಸಂದೇಶ. ನಿನ್ನ ಆಫೀಸಿನ ಇಮೇಲ್ ನಿಂತುಹೋಗಿದ್ದರಿಂದ ಅವರ ಬಳಿ ಇದ್ದದ್ದು ಆ ನಂಬರೊಂದೇ. ತಾವು ಸೇರಿದ ಸಣ್ಣ ಕಂಪನಿಯಲ್ಲಿ ಜಾಗ ಖಾಲಿಯಿದೆ, ವೀಸಾ ಕಾಗದ ಪತ್ರ ನಾವೇ ನೋಡಿಕೊಳ್ಳುತ್ತೇವೆ, ಈ ವಾರದೊಳಗೆ ಕರೆ ಮಾಡು ಎಂದಿದ್ದರು.

ನಿನ್ನ ಬಾಗಿಲು ನನ್ನ ಬಾಗಿಲಿನ ಪಕ್ಕದಲ್ಲೇ ಇತ್ತು, ಶ್ರೀಕಂಠ.

ಬಂದ್ ಆದ ನಂಬರಿಗೆ ಕರೆ ಹೇಗೆ ಬಂತೋ ಎಂದು ನೀನು ಕೇಳಿದರೆ? ನನ್ನ ಹೆಸರು ಹೇಳದೆ ಅವರಿಗೆ ನಿನ್ನ ಹೊಸ ನಂಬರ್ ಕೊಟ್ಟುಬಿಡಬಹುದಿತ್ತು. ಅದು ಹೊಳೆಯಲಿಲ್ಲ ಎಂದರೆ ಮತ್ತೊಂದು ಸುಳ್ಳಾದೀತು. ಹೊಳೆಯಿತು. ಹಳೆಯ ನಂಬರಿಗೆ ಮಾಡಿದ್ದೆ ಎಂದು ಅವರು ನಿನಗೆ ಹೇಳಿಬಿಟ್ಟರೆ — ಎಂದು ಹೆದರಿದೆ. ನಾಳೆ ಹೇಳೋಣ ಅಂದುಕೊಂಡೆ. ಮರುದಿನವೂ ಅದನ್ನೇ ಅಂದುಕೊಂಡೆ. ಆ ವಾರ ನೀನು ದಿನಾ ಬಂದು ನಮ್ಮ ಸೋಫಾದಲ್ಲಿ ತಲೆ ಹಿಡಿದು ಕೂರುತ್ತಿದ್ದೆ. ನಾನು ಕಾಫಿ ಕೊಟ್ಟು, "ಏನಾದ್ರೂ ಸಿಗತ್ತೆ ಬಿಡೋ" ಅನ್ನುತ್ತಿದ್ದೆ. ಥೂ!

ವಾರ ಕಳೆದ ಮೇಲೆ ಇನ್ನೊಂದು ಸಂದೇಶ ಬಂತು. ನಿನ್ನಿಂದ ಸುದ್ದಿಯಿಲ್ಲವೆಂದು ಬೇರೆಯವರನ್ನು ತೆಗೆದುಕೊಂಡೆವು, ಒಳ್ಳೆಯದಾಗಲಿ. ಎರಡನ್ನೂ ಅಳಿಸಿದೆ.

ಏರ್‌ಪೋರ್ಟಿಗೆ ನಿಮ್ಮನ್ನು ಕಾರಿನಲ್ಲಿ ಕರೆದುಕೊಂಡು ಹೋದವನೂ ನಾನೇ. "ಅಣ್ಣಾ, ನೀವಿಲ್ದಿದ್ರೆ ನಮ್ಗೆ ಇಲ್ಲಿ ಯಾರಿದ್ರು" ಎಂದು ಸುಮಾ ಅತ್ತಳು. ಬೆಂಗಳೂರಿನಲ್ಲೂ ಒಳ್ಳೊಳ್ಳೆಯ ಡಾಕ್ಟರುಗಳಿದ್ದಾರಮ್ಮ ಎಂದು ನಾನು ಸಮಾಧಾನ ಹೇಳಿದೆ.

ಅಭಿ ಇಲ್ಲೇ ಇದ್ದಿದ್ದರೆ ಮಾತಾಡುತ್ತಿದ್ದನೋ ಇಲ್ಲವೋ ಯಾರು ಬಲ್ಲರು ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದನ್ನು ತಿಳಿಯುವ ಅವಕಾಶವನ್ನೇ ಕಿತ್ತುಕೊಂಡವನು ನಾನು. ರೇಖಾಗೆ ನಿನ್ನೆ ಎಲ್ಲ ಹೇಳಿದೆ. ಅವಳು ನನ್ನ ಮುಖ ನೋಡುತ್ತಿಲ್ಲ. ನೀನೂ ನೋಡಬೇಕಿಲ್ಲ. ಕ್ಷಮೆ ಕೇಳಲು ನನಗೆ ಬಾಯಿಲ್ಲ.

ಈ ಯುಗಾದಿಗೆ ವಿಡಿಯೋ ಕಾಲ್ ಮಾಡಿದ್ದೆಯಲ್ಲ. ನಿನ್ನ ಹೆಗಲೆತ್ತರಕ್ಕೆ ಬೆಳೆದ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಅಂಕಲ್‌ಗೆ ಹ್ಯಾಪಿ ಯುಗಾದಿ ಹೇಳು ಕಂದ" ಅಂದೆ. ಅವನು ಬಾಯಿ ತೆರೆದ, ಕತ್ತಿನ ನರ ಉಬ್ಬುವಷ್ಟು ಕಷ್ಟಪಟ್ಟ, ಏನೋ ಒಂದು ಸದ್ದು ಬಂತು. ನೀನು ಅವನ ಬೆನ್ನು ಸವರಿ ನನ್ನ ಕಡೆ ತಿರುಗಿದೆ.

"ಸಾರಿ ಕಣೋ, ಅವ್ನಿಗಾಗಲ್ಲ" ಅಂದೆ. ನೀನು, ನನಗೆ.

"ಪರವಾಗಿಲ್ಲ ಬಿಡೋ" ಅಂದುಬಿಟ್ಟೆ ನಾನು.