ಕಾಪಿ ಅನ್ನುವ ಒಂದೇ ಮಾತು

ನನ್ನ ಅಕ್ಕ ತೀರಿಕೊಳ್ಳುವ ಮುಂಚಿನ ಏಳು ತಿಂಗಳು ಅವಳ ಬಾಯಲ್ಲಿ ಉಳಿದಿದ್ದದ್ದು ಒಂದೇ ಮಾತು. ಕಾಪಿ.

ನಾನು ಚಾಮರಾಜನಗರದ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುವವಳು. ನಮ್ಮೂರು ಹರವೆಯ ಹತ್ತಿರ. ಅವ್ವ ಸತ್ತಾಗ ನನಗೆ ನಾಲ್ಕು ವರ್ಷ, ಅಕ್ಕನಿಗೆ ಹನ್ನೆರಡು. ಅವಳು ಸ್ಕೂಲು ಬಿಟ್ಟಳು. ನನಗೆ ಜಡೆ ಹಾಕಿದ್ದು, ಸ್ಲೇಟು ಹಿಡಿಸಿದ್ದು, ಜ್ವರ ಬಂದಾಗ ಪಕ್ಕದಲ್ಲಿ ಕೂತದ್ದು ಎಲ್ಲ ಅವಳೇ. ನಮ್ಮ ಮನೆಯಲ್ಲಿ ಲೋಟಕ್ಕೆ ಬಿಸಿಯಾಗಿ ಬೀಳುವುದೆಲ್ಲ ಕಾಪಿಯೇ ಆಗಿತ್ತು. ಪುಡಿ ಇದ್ದ ದಿನ ಬೆಲ್ಲದ ಕಾಪಿ, ನೆಗಡಿಯಾದರೆ ಶುಂಠಿ ಕಾಪಿ. ಶುಂಠಿ ಕಾಪಿಯಲ್ಲಿ ಕಾಫಿಪುಡಿಯ ಸುಳಿವೂ ಇರುತ್ತಿರಲಿಲ್ಲ. ಟೀ ಸೊಪ್ಪು ಹಾಕಿ ಕುದಿಸಿದ್ದನ್ನೂ ಅಪ್ಪ "ಕಾಪಿ ಕೊಡವ್ವ" ಅಂತಲೇ ಕೇಳುತ್ತಿದ್ದರು.

ಅಕ್ಕನನ್ನು ಗುಂಡ್ಲುಪೇಟೆಗೆ ಕೊಟ್ಟರು. ಬಾವನದು ಕೇರಳದ ಕಡೆಗೆ ತರಕಾರಿ ಕಳಿಸುವ ವ್ಯಾಪಾರ. ಎಂ.ಎ. ಓದುವಾಗ ಒಂದು ರಜೆಯಲ್ಲಿ ಅವರ ಮನೆಗೆ ಹೋಗಿದ್ದೆ. ಪದಗಳ ಮೂಲ ಹುಡುಕುವ ಹುಚ್ಚು ಆಗತಾನೇ ಹತ್ತಿತ್ತು. ಬೀನ್ಸ್ ಮುರಿಯುತ್ತಾ ಕೂತಿದ್ದ ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ಟೀ ಸೊಪ್ಪಿಗೆ ಚೀನಾದಲ್ಲಿ ಒಂದು ಸೀಮೆಯವರು ಚಾ ಅಂದರು, ಸಮುದ್ರದ ದಡದ ಇನ್ನೊಂದು ಸೀಮೆಯವರು ಟೇ ಅಂದರು. ನೆಲದ ದಾರಿಯಲ್ಲಿ ನಡೆದು ಬಂದದ್ದು ಚಾಯ್, ಚಹಾ ಆಯಿತು. ಹಡಗು ಹತ್ತಿದ್ದು ಇಂಗ್ಲಿಷರ ಬಾಯಲ್ಲಿ ಟೀ ಆಯಿತು.

"ಅದುಕ್ಕೇಯ ಲಾರಿ ಮಲಯಾಳದೋರು ಚಾಯ ಅನ್ನದು, ಪಕ್ಕದ್ಮನೆ ಟೈಲರಮ್ಮ ಚಾಯ್ ಅನ್ನದು," ಎಂದಳು ಅಕ್ಕ. ಆಮೇಲೆ ನಕ್ಕಳು. "ಒಂದು ಮಾತು ಅಷ್ಟು ದೂರ ನಡ್ಕಂಡು ಬಂದದಾ? ನಾನು ಈ ಊರ್ಗೆ ಬಂದು ಹತ್ತೊರ್ಸ ಆಯ್ತು, ಮೈಸೂರೇ ಎಲ್ಡು ಸಲ ನೋಡಿರದು."

ಕಾಫಿ ಅರಬರ ಮಾತಿನಿಂದ ಬಂದದ್ದು, ಅವರು ಕಹ್ವಾ ಅನ್ನುತ್ತಿದ್ದರು, ಅದರ ಬೇರಿಗೆ ಹಸಿವನ್ನು ಮಂದ ಮಾಡುವುದು ಅನ್ನುವ ಅರ್ಥವಿದೆಯೆಂದು ಕೆಲವರು ಹೇಳುತ್ತಾರೆ ಎಂದೆ. ಅಕ್ಕನ ಕೈ ನಿಂತಿತು.

"ಅದು ಸರಿಯಾಗೇ ಅದೆ ಕಣಮ್ಮಿ. ಅವ್ವ ಸತ್ತ ವರ್ಸ ನನ್ಗೆ ಅಳ್ತೆ ಗೊತ್ತಾಯ್ತಿರ್ನಿಲ್ಲ, ರಾಗಿ ಇಟ್ಟು ಕಮ್ಮಿ ಮಾಡ್ಬುಡ್ತಿದ್ದೆ. ನಿನ್ಗೂ ಅಪ್ಪಂಗೂ ಇಕ್ಬುಟ್ಟು ನಾನು ಕಾಪಿ ಕುಡ್ದು ಮನಿಕತಿದ್ದೆ."

ಅದು ನನಗೆ ಗೊತ್ತಿರಲಿಲ್ಲ. ಬೀನ್ಸಿನ ನಾರು ತೆಗೆಯುತ್ತಾ ಕೂತೆ.

ಅವಳಿಗೆ ಲಕ್ವ ಹೊಡೆದದ್ದು ಹೋದ ವರ್ಷ, ಬೆಳಿಗ್ಗೆ ಬಾಗಿಲಿಗೆ ನೀರು ಹಾಕುವಾಗ. ಮೈಸೂರಿನ ಆಸ್ಪತ್ರೆಯಲ್ಲಿ ಮೂರು ವಾರ ಇದ್ದು ಬಂದಳು. ಬಲಗೈ ಬಲಗಾಲು ಸ್ವಾಧೀನದಲ್ಲಿರಲಿಲ್ಲ. ನಾವು ಹೇಳಿದ್ದು ಅವಳಿಗೆ ಅರ್ಥವಾಗುತ್ತಿತ್ತು, ಅವಳಿಗೆ ಹೇಳಲು ಬರುತ್ತಿರಲಿಲ್ಲ. ಬಾಯಿ ತೆರೆದರೆ ಬರುತ್ತಿದ್ದದ್ದು ಕಾಪಿ ಮಾತ್ರ. ಬಾವ ಮೊದಲ ದಿನ ಆಸೆಯಿಂದ ಓಡಿಹೋಗಿ ಕಾಫಿ ಮಾಡಿ ತಂದರು. ಅವಳು ಎಡಗೈಯಿಂದ ಲೋಟ ತಳ್ಳಿ ಅತ್ತಳು. ಅವಳಿಗೆ ಬೇಕಿದ್ದದ್ದು ಹೊದಿಕೆ.

ನಾನು ಪ್ರತಿ ಭಾನುವಾರ ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹಿಡಿದು ಹೋಗುತ್ತಿದ್ದೆ. ಅಂಗಡಿಯಿಂದ ಮಕ್ಕಳ ಚಿತ್ರದ ಪುಸ್ತಕ ಕೊಂಡು, ಮಾತು ಕಲಿಸುತ್ತೇನೆಂದು ಹೊರಟೆ. ದೀಪದ ಚಿತ್ರ ತೋರಿಸಿ "ದೀಪ ಅನ್ನಕ್ಕ" ಎಂದರೆ ಅವಳು ತುಟಿ ಒದ್ದಾಡಿಸಿ, ಬೆವತು, ಕೊನೆಗೆ "ಕಾಪಿ" ಅನ್ನುತ್ತಿದ್ದಳು. ತಾನು ಅಂದದ್ದು ತಪ್ಪೆಂದು ಅವಳಿಗೇ ಗೊತ್ತಾಗುತ್ತಿತ್ತು. ನನಗೆ ಅ ಆ ತಿದ್ದಿಸಿದವಳ ಮುಂದೆ ನಾನು ಆ ಪುಸ್ತಕ ಹಿಡಿದು ಕೂತಿದ್ದೆ. ಮೈಸೂರಿನಲ್ಲಿ ಮಾತಿನ ಚಿಕಿತ್ಸೆ ಕೊಡುತ್ತಿದ್ದ ಹುಡುಗಿ ಒಮ್ಮೆ, "ತಿದ್ದಬೇಡಿ ಮೇಡಂ, ಹೇಗೆ ಹೇಳ್ತಾರೆ ಅಂತ ಕೇಳಿಸ್ಕೊಳ್ಳಿ" ಎಂದಳು. ಆಮೇಲೆ ಪುಸ್ತಕ ಮುಚ್ಚಿಟ್ಟೆ.

ನಿಧಾನವಾಗಿ ಕೇಳಿಸತೊಡಗಿತು. ಚುಟುಕಾಗಿ ಎರಡು ಸಲ ಅಂದರೆ ಬಚ್ಚಲಿಗೆ ಹೋಗಬೇಕು. ಕೊನೆ ಎಳೆದರೆ ನೋವು. ಮೂಗಿನಲ್ಲಿ ಅಂದರೆ ಬಾವನ ಮೇಲೆ ಸಿಟ್ಟು. ಕೊಳ್ಳೇಗಾಲಕ್ಕೆ ಕೊಟ್ಟ ಮಗಳು ಫೋನಿನಲ್ಲಿ ಕಂಡಾಗ ಅದೇ ಮಾತನ್ನು ಎಷ್ಟು ಮೆತ್ತಗೆ ಅನ್ನುತ್ತಿದ್ದಳೆಂದರೆ, ಮಗಳು ಆ ಕಡೆ ಫೋನು ಪಕ್ಕಕ್ಕಿಟ್ಟು ಅಳುತ್ತಿದ್ದಳು. ನಿಜವಾಗಿ ಕಾಫಿ ಬೇಕಾದಾಗ ಮಾತ್ರ ಅಕ್ಕ ಮಾತಾಡದೆ ಅಡುಗೆಮನೆ ಕಡೆ ಕೈ ತೋರಿಸುತ್ತಿದ್ದಳು.

ಕೊನೆಯ ಭಾನುವಾರ ನನಗೆ ತಲೆನೋವು. ಉತ್ತರಪತ್ರಿಕೆಗಳ ಕಟ್ಟು ಮನೆಯಲ್ಲಿ ಕಾಯುತ್ತಿತ್ತು. ಬಾವ ಮಂಡಿಗೆ ಹೋಗಿದ್ದರು. ನಾನು ಬ್ಯಾಗು ಹೆಗಲಿಗೆ ಹಾಕಿಕೊಂಡಾಗ ಅಕ್ಕ ನನ್ನ ಸೆರಗು ಹಿಡಿದು "ಕಾಪಿ" ಎಂದಳು. ಈ ಮುಂಚೆ ಕೇಳಿದ ಯಾವ ರೀತಿಯಲ್ಲೂ ಅದು ಇರಲಿಲ್ಲ. ನೀರು ಕೊಟ್ಟೆ, ಬೇಡ. ಬಚ್ಚಲಿಗಾ ಎಂದೆ, ಅಲ್ಲ. ಎಲ್ಲಿ ನೋವು ಎಂದೆ, ತಲೆ ಅಲ್ಲಾಡಿಸಿದಳು. ಮತ್ತೆ ಮತ್ತೆ ಕಾಪಿ, ಕಾಪಿ.

"ನನ್ಗೆ ತಿಳೀತಿಲ್ಲ ಕಣಕ್ಕ! ಏನು ಮಾಡ್ಲಿ ನಾನು? ಬಸ್ಸು ಹೋಗ್ತದೆ ಬುಡು!"

ಬೈದೇ ಬಿಟ್ಟೆ. ಸೆರಗು ಬಿಡಿಸಿಕೊಂಡೆ. ಅಷ್ಟರಲ್ಲಿ ಪಕ್ಕದ ಮನೆಯ ಟೈಲರಮ್ಮ ಬಂದರು, ಅವರಿಗೆ ಒಪ್ಪಿಸಿ ಹೊರಟೆ.

ಬುಧವಾರ ಮೊದಲನೇ ಪೀರಿಯಡ್ಡಿನಲ್ಲಿ ಬಾವನ ಫೋನು ಬಂತು. ಲಕ್ವ ಎರಡನೇ ಸಲ ಹೊಡೆದಿತ್ತು. ನಾನು ತಲುಪುವಷ್ಟರಲ್ಲಿ ಅವಳನ್ನು ಗೋಡೆಗೆ ಒರಗಿಸಿ ಕೂರಿಸಿ ಹಣೆಗೆ ವಿಭೂತಿ ಹಚ್ಚಿದ್ದರು. ಸಂಜೆ ಅವರ ಹೊಲದ ಬದುವಿನಲ್ಲಿ ಮಣ್ಣು ಮಾಡಿದೆವು.

ಆ ಭಾನುವಾರ ನಾನು ಹೋದ ಮೇಲೆ ಏನಾಯಿತು ಎಂದು ಟೈಲರಮ್ಮನನ್ನು ಕೇಳಿದೆ. "ಬಾಗಿಲು ಕಡೆಗೇ ನೋಡ್ತಾ ಕೂತಿದ್ರು ಅಮ್ಮ. ಆಮೇಲೆ ಮಾತೇ ಆಡ್ಲಿಲ್ಲ," ಎಂದರು. ಹೇಳಬಾರದಿತ್ತೇನೋ ಎಂಬಂತೆ ನನ್ನ ಕೈ ಹಿಡಿದುಕೊಂಡರು.

ಊಟ ಮಾಡಿಕೊಂಡು ಹೋಗು ಅಂದಳೋ, ಇವತ್ತು ಇಲ್ಲೇ ಇರು ಅಂದಳೋ, ಒಳಗೆ ಏನೋ ಆಗುತ್ತಿದೆ ಅಂದಳೋ. ಪದಗಳ ಅರ್ಥ ಹೇಳಿಯೇ ಬದುಕುವ ನನಗೆ ಇದೊಂದು ಗೊತ್ತಾಗಲಿಲ್ಲ.

ಅಕ್ಕನ ಶಿವಗಣಾರಾಧನೆಯ ಊಟಕ್ಕೆ ಬಂದವರೆಲ್ಲ ಹೋದ ಮೇಲೆ ಬಾವ ಜಗಲಿಯಲ್ಲಿ ಒಬ್ಬರೇ ಕೂತಿದ್ದರು. ಹತ್ತಿರ ಹೋಗಿ, "ಬಾವ, ಆ ಭಾನುವಾರ ನಾನು ಅಕ್ಕನ್ನ ಬೈದುಬಿಟ್ಟೆ" ಎಂದೆ. ಅವರು ಟವೆಲಿನ ಅಂಚನ್ನು ಮಡಿಸಿದರು.

"ನಾನೂ ಬೈದಿವ್ನಿ ಕಣಮ್ಮಿ," ಎಂದರು. "ಎಷ್ಟೋ ದಿನ. ಒಂದ್ಸಲ ಕೈಯೂ ಎತ್ತಿದ್ದೆ, ಹೊಡೀನಿಲ್ಲ. ಯಾರ್ಗೂ ಹೇಳಿಲ್ಲ."

ಆಮೇಲೆ ಟವೆಲು ಮುಖಕ್ಕೆ ಒತ್ತಿಕೊಂಡರು. ನಾನು ಅವರ ಪಕ್ಕದಲ್ಲೇ ಕೂತೆ.