ಏಕಾದಶಿಯ ರಕ್ತ, ವಾಡಿಯ ಭಜಿ

ಮಿರ್ಚಿಭಜಿ ಕಟ್ಟಿಕೊಟ್ಟ ಹಾಳೆ ನಿಧಾನವಾಗಿ ಎಣ್ಣೆ ಕುಡಿದು ಪಾರದರ್ಶಕವಾಗುವುದನ್ನು ನೀವೂ ನೋಡಿರುತ್ತೀರಿ. ಸೇಡಂನಿಂದ ವಾಡಿಗೆ ದಿನವೂ ರೈಲಿನಲ್ಲಿ ಹೋಗಿಬಂದು ಇತಿಹಾಸ ಪಾಠ ಹೇಳುವ ನನಗೆ, ಸಂಜೆಯ ಗಾಡಿಗೆ ಕಾಯುತ್ತ ನಾಲ್ಕು ಭಜಿ ತಿಂದು ಮುಗಿಸಿ, ಆ ಹಾಳೆಯನ್ನು ಬೆಳಕಿಗೆ ಹಿಡಿದು ಹಿಂಬದಿಯ ಸುದ್ದಿಯನ್ನು ಮುಂಬದಿಯಿಂದಲೇ ತಿರುವುಮುರುವಾಗಿ ಓದುವುದು ಬಹುಕಾಲದ ಸಾತ್ವಿಕ ವ್ಯಸನ. ಹಾಳೆಗೆ ಆದದ್ದು ನನ್ನ ರಕ್ತಕ್ಕೂ ಆಗಿರಬಹುದೆಂಬ ಅನುಮಾನ ಮೊದಲು ಬಂದದ್ದು ನನ್ನ ಹೆಂಡತಿ ಸುಧಾಳಿಗೆ.

ನನ್ನ ಹೊಟ್ಟೆ ನನಗಿಂತ ಒಂದು ಹೆಜ್ಜೆ ಮುಂದೆಯೇ ನಡೆಯತೊಡಗಿದ ಮೇಲೆ ಆಕೆ ಷರತ್ತು ಹಾಕಿದಳು: ರಕ್ತಪರೀಕ್ಷೆಯ ಫಲ ಚೆನ್ನಾಗಿದ್ದರೆ ಭಜಿ ಉಂಟು, ಇಲ್ಲವಾದರೆ ಜನ್ಮಕ್ಕೆ ಇಲ್ಲ. ಅಪ್ಪ ಐವತ್ತಾರನೆಯ ವಯಸ್ಸಿಗೆ ಎದೆ ಹಿಡಿದುಕೊಂಡು ಹೋದವರು. ನನಗೆ ಐವತ್ತೈದು ನಡೆಯುತ್ತಿತ್ತು. ಷರತ್ತಿನ ಹಿಂದಿನ ಭಯ ನನಗೆ ತಿಳಿಯದ್ದೇನಲ್ಲ, ಆದರೆ ಭಜಿಯೆದುರು ತಿಳಿವಳಿಕೆ ಎಷ್ಟು ಹೊತ್ತು ನಿಂತೀತು?

ಸೇಡಂನ ಡಾಕ್ಟರಮ್ಮ ನನ್ನ ಹಳೆಯ ವಿದ್ಯಾರ್ಥಿನಿ. ಹನ್ನೆರಡು ತಾಸು ಬರಿಹೊಟ್ಟೆಯಲ್ಲಿದ್ದು ಬನ್ನಿ ಎಂದಿದ್ದಳು. ವೈಷ್ಣವರ ಮನೆಯಲ್ಲಿ ಹುಟ್ಟಿದವನಿಗೆ ಉಪವಾಸ ಹೇಳಿಕೊಡಬೇಕೇ? ಹನ್ನೆರಡು ತಾಸಿಗೇ ರಕ್ತ ಶುದ್ಧವಾಗುವುದಾದರೆ ಮೂವತ್ತಾರು ತಾಸಿಗೆ ತೀರ್ಥವೇ ಆದೀತೆಂದು ಬಗೆದು, ಪರೀಕ್ಷೆಯನ್ನು ದ್ವಾದಶಿಯ ಬೆಳಿಗ್ಗೆಗೆ ಗೊತ್ತುಮಾಡಿಸಿ, ಹಿಂದಿನ ದಿನ ನೀರೂ ಮುಟ್ಟದೆ ಏಕಾದಶಿ ಮಾಡಿದೆ. ನನ್ನ ಭಕ್ತಿ ಹರಿಯ ಮೇಲಿತ್ತೋ ಹಸಿಮೆಣಸಿನಕಾಯಿಯ ಮೇಲಿತ್ತೋ, ನಿಮ್ಮಲ್ಲಿ ಮುಚ್ಚಿಡಲಾರೆ. ಪಿತ್ತದ ಕಾರಣಕ್ಕೆ ಉಪವಾಸ ಬಿಟ್ಟಿದ್ದ ಸುಧಾ, ತನ್ನ ಊಟ ಅಡುಗೆಮನೆಯಲ್ಲೇ ಆಯಿತು ಎಂದಳು. ತುಪ್ಪಪ್ರಿಯಳಾದ ಆಕೆಯ ರಕ್ತವನ್ನೂ ನಾನು ಹಟ ಹಿಡಿದು ಪರೀಕ್ಷೆಗೆ ಕೊಡಿಸಿದೆ. ನನ್ನ ನಿರ್ಮಲ ರಕ್ತದ ಪಕ್ಕ ಹೋಲಿಕೆಗೊಂದು ಮಲಿನ ರಕ್ತವಿರಲೆಂಬ ದುರ್ಬುದ್ಧಿ.

ಹೈದರಾಬಾದಿನ ಲ್ಯಾಬಿನಿಂದ ಬಂದ ನನ್ನ ವರದಿಯಲ್ಲಿ ಉಳಿದೆಲ್ಲ ಸುಮಾರಾಗಿದ್ದು, ‘ಮುಕ್ತ ಕೊಬ್ಬಿನಾಮ್ಲ’ ಎಂಬುದು ಮಾತ್ರ ಮಿತಿಮೀರಿತ್ತು. ಎಣ್ಣೆಯ ಹನಿ ಮುಟ್ಟದವನ ರಕ್ತಕ್ಕೆ ಕೊಬ್ಬು ಎಲ್ಲಿಂದ ಬಂತೆಂದು ಹೌಹಾರಿದೆ.

“ಸರ್, ಎಷ್ಟ್ ತಾಸು ಉಪಾಸ ಇದ್ರಿ, ಖರೇ ಹೇಳ್ರಿ” ಎಂದಳು ಡಾಕ್ಟರಮ್ಮ. ಹೇಳಿದೆ. ನಕ್ಕಳು. “ಹೊರಗಿಂದ ಕೂಳು ಬರಲಿಲ್ಲಂದ್ರ ಮೈ ತನ್ನ ಹಗೇವು ತಾನೇ ತೆಗೀತದ್ರಿ. ಇದು ನಿನ್ನಿ ಭಜಿ ಅಲ್ಲ, ಹ್ವಾದ ವರ್ಷದ್ದು.”

ಕುರಕುಂಟಾ ಊರಿನ ನನ್ನ ಅಜ್ಜಿಯ ಅಂಗಳದಲ್ಲಿ ಅಂಥದೊಂದು ಹಗೇವು, ಎಂದರೆ ಜೋಳ ತುಂಬಿಡುವ ನೆಲದ ಕಣಜ, ಇತ್ತು. ಮನೆಯಲ್ಲಿ ಕಾಳು ತೀರಿದಾಗ ಅದರ ಬಾಯಿ ತೆರೆಸುವುದೂ, ಹೊಸ ಜೋಳ ಬಂದೊಡನೆ ಮುಚ್ಚಿಸುವುದೂ ಅಜ್ಜಿಯ ಅಧಿಕಾರ. ಮೈಯೊಳಗೆ ಮುಚ್ಚಿಸುವ ಅಜ್ಜಿಯ ಹೆಸರು ಇನ್ಸುಲಿನ್ ಅಂತೆ. ಉಪವಾಸದಲ್ಲಿ ಹಗೇವು ತೆರೆಯುವುದು ರೋಗವಲ್ಲ, ಸಹಜ. ಹೊಟ್ಟೆ ಅತಿಯಾಗಿ ಬೆಳೆದವರಲ್ಲಿ ಅಜ್ಜಿಯ ಮಾತು ನಡೆಯದೆ, ಉಂಡ ಮೇಲೂ ಅದು ಸೋರುತ್ತಲೇ ಇದ್ದು, ಊಟದ ಎಣ್ಣೆಯೂ ಒಂದಿಷ್ಟು ಅದರೊಡನೆ ಚೆಲ್ಲಿಕೊಂಡು, ಯಕೃತ್ತಿಗೆ ಹೊರೆಯಾಗುವುದೇ ರೋಗದ ದಾರಿ. ನಾಲ್ಕು ದಿನ ಸರಿಯಾಗಿ ಉಂಡು, ಹೇಳಿದಷ್ಟೇ ತಾಸು ಹಸಿದು ಮತ್ತೆ ಬರಬೇಕೆಂದಳು ಡಾಕ್ಟರಮ್ಮ.

ಆಮೇಲೆ ಎರಡನೆಯ ಹಾಳೆ ತಿರುವಿದಳು. “ಅಮ್ಮಾರದು ನಿಮಗಿಂತ ಜಾಸ್ತಿ ಅದಲ್ರಿ. ಅಮ್ಮಾ, ನೀವೂ ಏನೂ ತಿಂದಿಲ್ಲೇನ್ರಿ?”

ಸುಧಾ ಚೀಲದ ಹಿಡಿಕೆಯನ್ನು ತಿರುಚುತ್ತ ಕೂತಳು. “ಇವರೊಬ್ಬರ ಕೂಗು ದೇವರಿಗಿ ಮುಟ್ಟತದೋ ಇಲ್ಲೋ ಅಂತ ನಾನೂ ಉಪಾಸ ಇದ್ದೆ. ಇವರ ರಿಪೋರ್ಟ್ ಛಲೋ ಬರ್ಲಿ ಅಂತ.”

ಷರತ್ತು ಗೆಲ್ಲಲೆಂದು ನಾನು ಹಸಿದಿದ್ದೆ. ತಾನು ಹಾಕಿದ ಷರತ್ತನ್ನು ತಾನೇ ಸೋಲಲೆಂದು ಆಕೆ ಹಸಿದಿದ್ದಳು. ನನಗೆ ಭಾರೀ ನಾಚಿಕೆಯಾಯಿತು. ಇಷ್ಟು ವರ್ಷ ಜೊತೆಗಿದ್ದೂ ನಾನು ಓದಲಾರದ್ದನ್ನು ಒಂದು ಹನಿ ರಕ್ತ ಓದಿ ಹೇಳಿತ್ತು.

ಎರಡನೆಯ ಪರೀಕ್ಷೆಯಲ್ಲಿ ಸುಧಾಳದು ಸರಿಯಿತ್ತು, ನನ್ನ ಹಗೇವಿನ ಮುಚ್ಚಳ ಸ್ವಲ್ಪ ಸಡಿಲ. ದಿನವೂ ಉಂಡ ಮೇಲೆ ಇಬ್ಬರೂ ಅರ್ಧ ತಾಸು ನಡೆಯಬೇಕು, ವಾರಕ್ಕೊಂದೇ ಭಜಿ ಎಂದು ತೀರ್ಪಾಯಿತು. ಹೀಗಾಗಿ ಶನಿವಾರ ವಾಡಿಯಲ್ಲಿ ಎರಡೇ ಭಜಿ ಕಟ್ಟಿಸಿಕೊಂಡು, ಪರಿಮಳವನ್ನು ಚಿತ್ತಾಪುರದಾಚೆಗೂ ಸಹಿಸಿಕೊಂಡು ಮನೆಗೆ ತರುತ್ತೇನೆ. ತಣ್ಣಗಾಗ್ಯಾವ ಎಂದು ಬಯ್ಯುತ್ತಲೇ ಸುಧಾ ತನ್ನದನ್ನು ಮುಗಿಸುತ್ತಾಳೆ. ಆಮೇಲೆ ಎಣ್ಣೆ ಕುಡಿದ ಹಾಳೆಯನ್ನು ದೀಪಕ್ಕೆ ಹಿಡಿದು, ಹಿಂಬದಿಯ ಸುದ್ದಿಯನ್ನು ಇಬ್ಬರೂ ಕೂಡಿ ಓದಿ, ನಡೆಯಲು ಹೊರಡುತ್ತೇವೆ.